ಆಫೀಸಿಗೆ ಹೋಗುವ ಪಿಕಪ್ಪು

ಐವತ್ತು ದಾಟಿದ ಗಂಡಸಿಗೆ ಹುಟ್ಟುವ ಆಸೆಗಳಿಗೆ ಯಾವ ವೈದ್ಯರ ಹತ್ತಿರವೂ ಮದ್ದಿಲ್ಲ. ಕೆಲವರು ಮೀಸೆಗೆ ಬಣ್ಣ ಬಳಿಯುತ್ತಾರೆ. ಕೆಲವರು ಬೆಳಗಿನ ಯೋಗಾಸನಕ್ಕೆ ಸೇರಿ, ಸೊಂಟ ಹಿಡಿಸಿಕೊಂಡು ಆಟೋದಲ್ಲಿ ಮನೆಗೆ ಬರುತ್ತಾರೆ. ಮಲ್ಲತ್ತಹಳ್ಳಿ ಕೆರೆಯ ಈಚೆಗಿರುವ ಅಭಯಾಂಜನೇಯ ಬಡಾವಣೆಯ ವೆಂಕಟಗಿರಿಯವರಿಗೆ ಹುಟ್ಟಿದ್ದು ಅಧ್ಯಕ್ಷನಾಗುವ ಆಸೆ. ದೇಶಕ್ಕೂ ಅಲ್ಲ, ರಾಜ್ಯಕ್ಕೂ ಅಲ್ಲ. ಬಡಾವಣೆಯ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಕ್ಕೆ.

ನಗಬೇಡಿ. ಅವರ ಕಷ್ಟ ಅವರಿಗೆ. ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಸೂಪರಿಂಟೆಂಡೆಂಟ್ ಆಗಿದ್ದ ಈ ಮಹಾನುಭಾವರು ಅಷ್ಟೂ ವರ್ಷ ಬೇರೆಯವರಿಗೆ ಹಾರ ತರಿಸಿದ್ದೇ ತರಿಸಿದ್ದು. ಒಂದು ಎಸಳೂ ಅವರ ಕೊರಳಿಗೆ ಬಿದ್ದಿರಲಿಲ್ಲ. ಎತ್ತರ ಐದಡಿ ಒಂದಂಗುಲ. ಬೀಳ್ಕೊಡುಗೆಯ ಗ್ರೂಪ್ ಫೋಟೋಗಳಲ್ಲಿ ಹಿಂದಿನ ಸಾಲಿನಲ್ಲಿ ಅವರ ಹಣೆ ಮಾತ್ರ ಬರುತ್ತಿತ್ತು. ಅದು ಅವರದೇ ಹಣೆ ಎಂದು ಹೆಂಡತಿ ಯಶೋದಮ್ಮ ಬೆರಳಿಟ್ಟು ತೋರಿಸಬೇಕಾಗಿತ್ತು. ಸಾಯುವುದರೊಳಗೆ ಒಂದು ಸಲ ನಾಲ್ಕು ಜನ ತಲೆಯೆತ್ತಿ ತಮ್ಮನ್ನು ನೋಡಬೇಕು ಅನ್ನುವುದೇ ಅವರ ಒಳಗಿನ ಸಂಕಟವಾಗಿತ್ತು.

ಅಡ್ಡಿಯಾಗಿದ್ದವರು ಜಗನ್ನಾಥ್. ನಿವೃತ್ತ ಹೆಡ್‌ಮಾಸ್ಟರು, ಆರಡಿ ಆಳು, ಒಂಬತ್ತು ವರ್ಷದಿಂದ ಸಂಘಕ್ಕೆ ಅವರೇ ಅಧ್ಯಕ್ಷರು. ಅವರಿಗೆ ಸ್ಕೂಟರೂ ಇಲ್ಲ, ಸೈಕಲ್ಲೂ ಇಲ್ಲ. ಬಿಸಿಲಿರಲಿ ಮೋಡವಿರಲಿ ಕೊಡೆ ಊರಿಕೊಂಡು ನಡೆದೇ ಹೋಗುತ್ತಿದ್ದರು. ಎದುರಿಗೆ ಬಂದವರೆಲ್ಲ ತಲೆಯೆತ್ತಿ ನಮಸ್ಕಾರ ಅನ್ನುತ್ತಿದ್ದರು. ಆರಡಿ ಮನುಷ್ಯನಿಗೆ ತಲೆಯೆತ್ತದೆ ನಮಸ್ಕಾರ ಮಾಡುವುದಾದರೂ ಹೇಗೆ, ಇದರಲ್ಲಿ ಯೋಗ್ಯತೆಯ ಮಾತೆಲ್ಲಿ ಬಂತು ಎಂದು ವೆಂಕಟಗಿರಿಯವರ ವಾದ. ವಾದವೇನೋ ಸರಿಯಾಗಿಯೇ ಇತ್ತು. ಆದರೆ ಅದನ್ನು ಕೇಳುವವರು ಯಶೋದಮ್ಮ ಒಬ್ಬರೇ, ಅವರೂ ಅಕ್ಕಿ ಆರಿಸುತ್ತಾ ಕೇಳುತ್ತಿದ್ದರು.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ವಿಜಯನಗರದ ಕಟಿಂಗ್ ಶಾಪಿನಲ್ಲಿ ಸರದಿಗೆ ಕಾಯುತ್ತಾ ಕುಳಿತಿದ್ದಾಗ ಅವರ ಕೈಗೆ ಒಂದು ಇಂಗ್ಲಿಷ್ ಮೋಟಾರು ಪತ್ರಿಕೆ ಸಿಕ್ಕಿತು. ಅದರ ನಡುಪುಟದಲ್ಲಿ ಒಂದು ಗುಡ್ಡ, ಗುಡ್ಡದ ಮೇಲೊಂದು ಪಿಕಪ್ಪು. ಮುಂದೆ ಐದು ಜನ ಕೂರುವ ಕ್ಯಾಬಿನ್ನು, ಹಿಂದೆ ತೆರೆದ ತೊಟ್ಟಿ. ಪಕ್ಕದಲ್ಲಿ ಒಬ್ಬ ಗಂಡಸು ಸೊಂಟದ ಮೇಲೆ ಕೈಯಿಟ್ಟುಕೊಂಡು ಲೋಕವನ್ನೆಲ್ಲ ಕೆಳಗೆ ನೋಡುತ್ತಿದ್ದ. ಪರದೇಶಗಳಲ್ಲಿ ಗಣ್ಯರು ದಿನನಿತ್ಯ ಓಡಾಡುವುದು ಇದರಲ್ಲೇ ಎಂದು ಬರೆದಿತ್ತು. ಗಣ್ಯರು ಎಂಬಲ್ಲಿ ವೆಂಕಟಗಿರಿಯವರ ಕಣ್ಣು ನಿಂತಿತು. ಅಂದು ಅವರು ಕಟಿಂಗ್ ಜೊತೆಗೆ ಶೇವಿಂಗನ್ನೂ ಮಾಡಿಸಿಕೊಂಡು ಮನೆಗೆ ಬಂದರು.

"ಯಶೋದಾ, ನಾವು ಪಿಕಪ್ ತಗೋತಾ ಇದೀವಿ ಕಣೇ."

"ಅಂದ್ರೆ ಟೆಂಪೋನಾ?"

"ಟೆಂಪೋ ಅಲ್ಲ ಕಣೇ, ಪಿಕಪ್ಪು. ದಿನಾ ಆಫೀಸಿಗೆ ಹೋಗೋಕೆ."

ಯಶೋದಮ್ಮ ಮೊರ ಕೆಳಗಿಟ್ಟರು. "ಆಫೀಸಿಗೆ ನೀವೊಬ್ರೇ ಹೋಗ್ತೀರಾ, ಇಲ್ಲ ಮೇಜು, ಬೀರು, ಜವಾನ ಎಲ್ಲಾ ತುಂಬ್ಕೊಂಡು ಹೋಗ್ತೀರಾ? ಎಲ್ರ ಹಾಗೆ ಒಂದು ಪುಟ್ಟ ಕಾರು ತಗೊಳ್ಳೋಕೆ ಏನ್ರೀ ರೋಗ?"

ಸರ್ಕಾರಿ ನೌಕರ ಇಂಥ ಪ್ರಶ್ನೆಗೆ ಬಾಯಲ್ಲಿ ಉತ್ತರ ಕೊಡುವುದಿಲ್ಲ, ಫೈಲು ತೆರೆಯುತ್ತಾನೆ. ವೆಂಕಟಗಿರಿಯವರೂ ತೆರೆದರು. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ವಾಹನ ಆಯ್ಕೆ: ತುಲನಾತ್ಮಕ ಪಟ್ಟಿ' ಎಂದು ಬರೆದು ಒಳಗೆ ಗೆರೆ ಎಳೆದರು. ಪುಟ್ಟ ಕಾರು: ಒಳಗೆ ಕೂತರೆ ಬಸ್ಸಿನ ಟೈರು ಬಿಟ್ಟು ಬೇರೇನೂ ಕಾಣುವುದಿಲ್ಲ, ತಿರಸ್ಕೃತ. ಮೂರು ಚಕ್ರದ ಲಗೇಜ್ ಆಟೋ: ಮರ್ಯಾದೆ ಇಲ್ಲ, ತಿರಸ್ಕೃತ. ದೊಡ್ಡ ಲಾರಿ: ನಮ್ಮ ಕ್ರಾಸಿನಲ್ಲಿ ತಿರುಗುವುದಿಲ್ಲ, ತಿರಸ್ಕೃತ. ಮಧ್ಯಮ ಗಾತ್ರದ ಪಿಕಪ್ಪು: ನೆಲದಿಂದ ಎತ್ತರ ಉತ್ತಮ, ಗೌರವ ಉತ್ತಮ, ಮೈಲೇಜು ಪರವಾಗಿಲ್ಲ. ಕೊನೆಗೆ 'ಶಿಫಾರಸು ಮಾಡಿದೆ' ಎಂದು ತಾವೇ ಬರೆದು, ಕೆಳಗೆ 'ಒಪ್ಪಿದೆ' ಎಂದು ಬೇರೆ ಶಾಯಿಯಲ್ಲಿ ತಾವೇ ಸಹಿ ಹಾಕಿದರು. ಇನ್ನು ಯಶೋದಮ್ಮನವರ ಒಪ್ಪಿಗೆಗೆ ಕಾನೂನಿನಲ್ಲಿ ಜಾಗವೇ ಉಳಿಯಲಿಲ್ಲ.

ಮೈಸೂರು ರಸ್ತೆಯಲ್ಲಿ ದೀಪಾಂಜಲಿ ನಗರ ದಾಟಿದ ಮೇಲೆ ಸಿಗುವ ಶೋರೂಮಿನ ಹುಡುಗ ಟೈ ಸರಿಮಾಡಿಕೊಂಡು ಓಡಿಬಂದ.

"ಬನ್ನಿ ಸಾರ್. ಏನ್ ಬಿಸಿನೆಸ್ಸು? ಟೊಮ್ಯಾಟೋನಾ, ಟೈಲ್ಸಾ?"

"ನಾನು ಗೌರ್ಮೆಂಟ್ ಸರ್ವೆಂಟಪ್ಪ."

"ಓಹೋ!" ಹುಡುಗ ದನಿ ತಗ್ಗಿಸಿ ಕಣ್ಣು ಮಿಟುಕಿಸಿದ. "ಆಂಟಿ ಹೆಸರಲ್ಲಿ ಓಡಿಸ್ತೀರಾ. ಬೇಜಾನ್ ಜನ ಹಂಗೇ ಮಾಡೋದು ಸಾರ್, ನಾವ್ ಯಾರಿಗೂ ಹೇಳಲ್ಲ."

"ಯಾರ ಹೆಸರಲ್ಲೂ ಇಲ್ಲ! ನಾನೇ ದಿನಾ ಆಫೀಸಿಗೆ ಹೋಗೋಕೆ."

ಹುಡುಗ ಅವರನ್ನು ನೋಡಿದ, ಗಾಡಿಯನ್ನು ನೋಡಿದ, ಆಮೇಲೆ ಒಂದು ಲೋಟ ನೀರು ತಂದುಕೊಟ್ಟು ಮ್ಯಾನೇಜರನ್ನು ಕರೆಯಲು ಹೋದ. ಮ್ಯಾನೇಜರು ಅನುಭವಸ್ಥ. ಮಾರಾಟವಾಗುವುದಾದರೆ ಗಿರಾಕಿ ಅದರಲ್ಲಿ ಮಲ್ಲಿಗೆ ಬಳ್ಳಿ ಬೆಳೆಸಲಿ, ತನಗೇನು ಎಂಬ ತತ್ತ್ವದವನು.

"ಹಿಂದೆ ಹತ್ತಿರ ಹತ್ತಿರ ಒಂದು ಟನ್ ಹಾಕ್ಬಹುದು ಸಾರ್."

"ನನ್ನ ಊಟದ ಡಬ್ಬಿ ಹಾಕ್ತೀನಿ."

"ಧಾರಾಳವಾಗಿ ಹಿಡಿಯುತ್ತೆ ಸಾರ್."

ವೆಂಕಟಗಿರಿಯವರು ಫುಟ್‌ಬೋರ್ಡಿನ ಮೇಲೆ ಕಾಲಿಟ್ಟು, ಇನ್ನೊಂದು ಕಾಲಿಗೆ ಜಾಗ ಹುಡುಕಿ, ಹುಡುಗನ ಹೆಗಲು ಹಿಡಿದು ಹತ್ತಿ ಕುಳಿತರು. ಸ್ಟೀರಿಂಗ್ ಬಿಟ್ಟರೆ ಏನೂ ಕಾಣಿಸಲಿಲ್ಲ. ಎರಡು ದಿಂಬು ತರಿಸಿ ಕೆಳಗಿಟ್ಟ ಮೇಲೆ ಲೋಕ ಕಾಣಿಸಿತು. ಕಿಟಕಿಯಿಂದ ಕೆಳಗೆ ನೋಡಿದರೆ ಮ್ಯಾನೇಜರನ ನಡುನೆತ್ತಿಯ ಬೋಳು! ಐವತ್ತೊಂದು ವರ್ಷದ ಬಾಳಿನಲ್ಲಿ ನಿಂತಿರುವ ಇನ್ನೊಬ್ಬ ಗಂಡಸಿನ ನಡುನೆತ್ತಿಯನ್ನು ಅವರು ನೋಡಿದ್ದು ಅದೇ ಮೊದಲು. ಅಯ್ಯೋ, ಎಂಥ ಸುಖ ಅದು! ಮೈಲೇಜು ಕೇಳುವುದನ್ನೂ ಮರೆತು "ಇದೇ ಇರಲಿ" ಅಂದುಬಿಟ್ಟರು.

ಹಳದಿ ಬೋರ್ಡು ಬೇಡ, ಬಿಳಿ ಬೋರ್ಡೇ ಆಗಬೇಕೆಂದು ಹಟ ಹಿಡಿದು, ಅದಕ್ಕೆ ಬೇಕಾದ ಕಾಗದವನ್ನೆಲ್ಲ ಹೊಂದಿಸಿ, ಒಂದು ಸೋಮವಾರ ಗಾಡಿಗೆ ಪೂಜೆ ಮಾಡಿಸಿ, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಹಿಸುಕಿಸಿ ಅವರು ಆಫೀಸಿಗೆ ಹೊರಟರು. ಮಾಗಡಿ ರಸ್ತೆಯಲ್ಲಿ ಟ್ರಾಫಿಕ್ ಪೇದೆ ಕೈ ಅಡ್ಡ ಹಿಡಿದ.

"ಗೂಡ್ಸ್ ಗಾಡಿ ಈ ಟೈಮಲ್ಲಿ ಬಿಡಲ್ಲ ಅಂತ ಗೊತ್ತಿಲ್ವೇನ್ರೀ?"

"ಗೂಡ್ಸ್ ಅಲ್ಲ ಸಾರ್, ಸ್ವಂತದ್ದು. ಬಿಳಿ ಬೋರ್ಡು ನೋಡಿ."

"ಹಿಂದೆ ಏನ್ ಲೋಡು?"

ಇಬ್ಬರೂ ಹಿಂದೆ ಹೋಗಿ ನೋಡಿದರು. ಅಷ್ಟಗಲದ ತೊಟ್ಟಿಯಲ್ಲಿ ಒಂದು ಸ್ಟೀಲ್ ಡಬ್ಬಿ ಮಗುಚಿಕೊಂಡು ಮೂಲೆ ಸೇರಿತ್ತು.

"ಏನಿದೆ ಅದ್ರಲ್ಲಿ?"

"ಚಿತ್ರಾನ್ನ."

ಪೇದೆ ಬಹಳ ಹೊತ್ತು ಡಬ್ಬಿಯನ್ನೇ ನೋಡಿದ. ಅವನ ಮುಖದಲ್ಲಿ ನಿಧಾನವಾಗಿ ಕನಿಕರ ಮೂಡಿತು. "ಬೆಳಿಗ್ಗೆಯಿಂದ ಬಾಡಿಗೆ ಸಿಕ್ಕಿಲ್ಲ ಅನ್ಸುತ್ತೆ. ಬೇಜಾರ್ ಮಾಡ್ಕೋಬೇಡಿ, ಹೊಸ ಗಾಡಿ ಅಂದ್ರೆ ಶುರೂಲಿ ಹಂಗೇ. ಹೋಗಿ, ಹೋಗಿ" ಎಂದು ಬೆನ್ನು ತಟ್ಟಿ ಕಳಿಸಿದ.

ಇಷ್ಟಕ್ಕೇ ಮುಗಿದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆ ಭಾನುವಾರ ಬೆಳಿಗ್ಗೆ ವೆಂಕಟಗಿರಿಯವರು ಗಾಡಿ ಒರೆಸುತ್ತಾ ನಿಂತಿದ್ದಾಗ ಎರಡನೇ ಕ್ರಾಸಿನ ಬಸಪ್ಪ ಬಂದರು. ಬಾಗಲಕೋಟೆ ಕಡೆಯವರು, ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತರಾಗಿ ಮಗಳ ಮನೆಯ ಹತ್ತಿರ ಹೊಸದಾಗಿ ಮನೆ ಕೊಂಡಿದ್ದರು.

"ನಮಸ್ಕಾರ್ರೀ ಸರ. ಸುಂಕದಕಟ್ಟ್ಯಾಗಿಂದ ಒಂದು ಕಪಾಟ ತರೋದೈತ್ರಿ. ನಿಮ್ಮ ಗಾಡಿ ಹೆಂಗೂ ಖಾಲಿ ನಿಂತೈತಿ."

ವೆಂಕಟಗಿರಿಯವರ ಮೈ ಉರಿಯಿತು. ಇದು ಲಗೇಜ್ ಗಾಡಿಯಲ್ಲ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಸಪ್ಪ ಮುಂದಿನ ಮಾತು ಆಡಿದರು. "ನಿಮ್ಮಂಥಾ ದೊಡ್ಡ ಮನಸಿನವರು ಈ ಸಂಘದ ಅಧ್ಯಕ್ಷರಾಗಬೇಕ್ ನೋಡ್ರಿ."

ಉತ್ತರ ಕರ್ನಾಟಕದವರು ಉಪಕಾರ ಕೇಳುವಾಗ ಒಂದು ಒಳ್ಳೆಯ ಮಾತು ಸೇರಿಸುತ್ತಾರೆ; ಅದು ಅವರ ಕಡೆಯ ಮರ್ಯಾದೆ. ವೆಂಕಟಗಿರಿಯವರು ಅದನ್ನು ಪ್ರಮಾಣವಚನವೆಂದು ತಿಳಿದರು. ಅಕ್ಟೋಬರಿನಲ್ಲಿ ಸಂಘದ ಚುನಾವಣೆ. ಮನೆಗೆ ಎರಡು ವೋಟು, ಯಜಮಾನರದ್ದೊಂದು, ಯಜಮಾನಿಯದ್ದೊಂದು. ಒಂದು ಕಪಾಟು ತಂದರೆ ಎರಡು ವೋಟು! ಒರೆಸುವ ಬಟ್ಟೆ ಬಿಸಾಡಿ "ಹತ್ತಿ ಬಸಪ್ಪನೋರೇ" ಅಂದರು.

ಬೆಲ್ಲ ಇದ್ದಲ್ಲಿ ಇರುವೆ ಬರುವುದಕ್ಕೆ ಯಾರೂ ಡಂಗುರ ಸಾರಬೇಕಾಗಿಲ್ಲ. ಮರುವಾರ ಒಂದು ಫ್ರಿಜ್ಜು ಬಂತು, ಅದರ ಮರುವಾರ ಎರಡು ಮಂಚ, ಮದುವೆ ಛತ್ರದಿಂದ ಉಳಿದ ಅಡಿಗೆಯ ಕೊಳಗಗಳು, ಹಳೇ ಬಾಗಿಲು, ಹೊಸ ಕಿಟಕಿ, ಗ್ಯಾಸ್ ಸಿಲಿಂಡರು. ಗಣೇಶನ ಹಬ್ಬಕ್ಕೆ ಬಡಾವಣೆಯ ಹುಡುಗರು "ಗುರು, ಅಂಕಲ್ ಗಾಡಿ ಇರೋವಾಗ ಕ್ಯಾಂಟರ್ ಯಾಕೆ ಮಗಾ" ಎಂದು ತಮ್ಮಲ್ಲೇ ತೀರ್ಮಾನಿಸಿ, ತಮಟೆಯವರನ್ನೂ ಸೇರಿಸಿ ಹಿಂದೆ ಹತ್ತಿದರು. ಕೆರೆಯವರೆಗಿನ ಎರಡು ಕಿಲೋಮೀಟರು ನಾಲ್ಕು ಗಂಟೆ ತೆಗೆದುಕೊಂಡಿತು. ಹಣೆಯ ಬಣ್ಣ ಒರೆಸಿಕೊಳ್ಳದೆ ಮನೆಗೆ ಬಂದ ವೆಂಕಟಗಿರಿಯವರು "ಇವತ್ತು ಹದಿನಾಲ್ಕು ಗ್ಯಾರಂಟಿ ಕಣೇ" ಎಂದು ಹೇಳಿ ಮಲಗಿದರು.

"ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದರು ಯಶೋದಮ್ಮ. "ನನ್ನ ಅಕ್ಕನ ಮನೆಗೆ ಕೆಂಗೇರಿಗೆ ಕರ್ಕೊಂಡ್ ಹೋಗಿ ಅಂತ ಮೂರು ವಾರದಿಂದ ಕೇಳ್ತಾ ಇದೀನಿ."

"ಎಲೆಕ್ಷನ್ ಮುಗೀಲಿ ಕಣೇ."

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಬಂದದ್ದು ಅಕ್ಕಯ್ಯಮ್ಮನ ರೂಪದಲ್ಲಿ. ಈ ಬಡಾವಣೆ ಎದ್ದಿರುವುದೇ ಅಕ್ಕಯ್ಯಮ್ಮನ ಗಂಡನ ರಾಗಿ ಹೊಲದ ಮೇಲೆ. ಹೊಲ ಹೋದರೂ ಮುದುಕಿ ಒಂದು ಹಸುವನ್ನು ಬಿಟ್ಟಿರಲಿಲ್ಲ. ಸುತ್ತಮುತ್ತ ಯಾರ ಮನೆಯ ಗೃಹಪ್ರವೇಶವಾದರೂ ಬೆಳಗಿನ ಮುಹೂರ್ತಕ್ಕೆ ಮೊದಲು ಮನೆಯೊಳಗೆ ಕಾಲಿಡಬೇಕಾದದ್ದು ಆ ಹಸುವೇ. ಮುದುಕಿಯ ಮಕ್ಕಳು ಮೊಮ್ಮಕ್ಕಳು ಸೇರಿ ಮೂರನೇ ಕ್ರಾಸ್ ಪೂರ್ತಿ ತುಂಬಿದ್ದರು. ಲೆಕ್ಕ ಹಾಕಿದರೆ ಇಪ್ಪತ್ತೆರಡು ವೋಟು.

"ಏನಪ್ಪ ಗಿರಿ, ನಾಳೆ ಬಸವೇಶ್ವರನಗರದಾಗೆ ಗೃಹಪ್ರವೇಶ ಐತೆ. ಹಸೂಗೆ ವಯಸ್ಸಾಯ್ತು, ಅಷ್ಟು ದೂರ ನಡೀಲಾರ್ದು. ನಿನ್ ಗಾಡೀಲಿ ಕರ್ಕೊಂಡೋಗಪ್ಪ."

"ಹಸುನಾ ಅಕ್ಕಯ್ಯಮ್ಮನೋರೇ?"

"ಗೋಮಾತೆ ಕಣಪ್ಪ. ಬ್ಯಾಡ ಅಂದ್ರೆ ಬ್ಯಾಡ ಬುಡು. ಜಗನ್ನಾಥ ಮೇಷ್ಟ್ರಿಗೆ ಹೇಳ್ತೀನಿ, ಅವ್ರು ಏನಾರ ಮಾಡ್ತಾರೆ."

ಜಗನ್ನಾಥ್ ಹೆಸರು ಕಿವಿಗೆ ಬಿದ್ದ ಮೇಲೆ ಇನ್ನೇನಿದೆ? ಬೆಳಗಿನ ಜಾವ ಹಸು ಗಾಡಿ ಹತ್ತಿತು. ಹಲಗೆ ಇಟ್ಟ ಕೂಡಲೇ ಮದುಮಗಳು ಹಸೆಮಣೆ ಏರಿದಷ್ಟು ಗಂಭೀರವಾಗಿ ಏರಿತು. ಗೃಹಪ್ರವೇಶದ ಮನೆಯಲ್ಲಿ ಇಳಿದು, ಅಕ್ಕಿ ಬೆಲ್ಲ ತಿಂದು, ನಡುಮನೆಯಲ್ಲಿ ಸಗಣಿ ಹಾಕಿ ಎಲ್ಲರಿಂದ ಶಹಭಾಸ್ ಅನ್ನಿಸಿಕೊಂಡು ಮತ್ತೆ ಗಾಡಿ ಏರಿತು. ತೊಂದರೆಯಾದದ್ದು ವಾಪಸು ಬಂದ ಮೇಲೆ. ಹಲಗೆ ಇಟ್ಟರು, ಹುಲ್ಲು ತೋರಿಸಿದರು, ಬಾಲ ತಿರುಚಿದರು, ಹಸು ಇಳಿಯಲೊಲ್ಲದು. ತೊಟ್ಟಿಯಲ್ಲಿ ಕಾಲು ಮಡಿಸಿ ಮಲಗಿ ಮೆಲುಕು ಹಾಕತೊಡಗಿತು. ಗಂಟೆ ಒಂಬತ್ತೂಮುಕ್ಕಾಲು.

"ಅಕ್ಕಯ್ಯಮ್ಮನೋರೇ, ನನಗೆ ಆಫೀಸ್ ಟೈಮಾಯ್ತು!"

"ಹೋಗ್ಬುಟ್ ಬಾರಪ್ಪ. ಅದ್ಕೆ ಮನಸ್ ಬಂದಾಗ ಇಳೀತದೆ."

ಮಾಗಡಿ ರಸ್ತೆಯ ಅದೇ ಪೇದೆ ದೂರದಿಂದಲೇ ಗಾಡಿಯ ಗುರುತು ಹಿಡಿದು ಹಲ್ಲು ಬಿಟ್ಟ. "ನೋಡಿದ್ರಾ, ನಾನ್ ಹೇಳಿಲ್ವಾ? ಲೋಡ್ ಸಿಕ್ತು!" ಆಫೀಸಿನಲ್ಲಿ ಹಸುವನ್ನು ಕಾರು ನಿಲ್ಲಿಸುವ ಜಾಗದಲ್ಲೇ ಬಿಡಬೇಕಾಯಿತು. ಅಂದು ಶುಕ್ರವಾರ ಬೇರೆ. ಟೈಪಿಸ್ಟುಗಳು, ಗುಮಾಸ್ತೆಯರೆಲ್ಲ ಕುಂಕುಮದ ಭರಣಿ ಹಿಡಿದು ಕೆಳಗಿಳಿದರು. ಊಟದ ಡಬ್ಬಿಗಳು ಹಸುವಿನ ಮುಂದೆ ತೆರೆದವು. ದೊಡ್ಡ ಸಾಹೇಬರು ಕಿಟಕಿಯಿಂದ ಬಗ್ಗಿ ನೋಡಿ, ಕೋಪಿಸಿಕೊಳ್ಳುವುದೋ ಕೈ ಮುಗಿಯುವುದೋ ತಿಳಿಯದೆ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು. ಮಧ್ಯಾಹ್ನದವರೆಗೆ ಒಂದು ಕಡತವೂ ಅಲುಗಲಿಲ್ಲ. ಆ ಕಚೇರಿಯಲ್ಲಿ ಹಸು ಬರದ ದಿನವೂ ಹಾಗೆಯೇ ಆಗುತ್ತಿತ್ತು, ಅದು ಬೇರೆ ವಿಷಯ. ವೆಂಕಟಗಿರಿಯವರು ಮಾತ್ರ ಬೈಸಿಕೊಂಡರೂ ಬೇಸರಿಸಲಿಲ್ಲ. ಇಪ್ಪತ್ತೆರಡು ವೋಟು ಎಂದು ಮನಸ್ಸಿನಲ್ಲೇ ಜಪಿಸಿಕೊಂಡರು.

ಅಕ್ಟೋಬರಿನ ಎರಡನೇ ಭಾನುವಾರ ಆಂಜನೇಯನ ಗುಡಿಯ ಹಿಂದಿನ ಹಜಾರದಲ್ಲಿ ಸಂಘದ ಮಹಾಸಭೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅಧ್ಯಕ್ಷ ಸ್ಥಾನಕ್ಕೆ ಇಬ್ಬರು ನಿಂತಿದ್ದರಿಂದ ಜಾತ್ರೆಯ ಹಾಗೆ ಜನ ಸೇರಿದ್ದರು. ಮೊದಲು ಜಗನ್ನಾಥ್ ಎದ್ದು ನಿಂತರು.

"ನನ್ನ ಹತ್ರ ಗಾಡಿ ಇಲ್ಲ. ಕಾರ್ಪೊರೇಷನ್ ಆಫೀಸಿಗೆ ಬಸ್ಸಲ್ಲಿ ಹೋಗಿ ಅರ್ಜಿ ಕೊಟ್ಟು ಬರ್ತೀನಿ. ಬೇರೆ ಏನೂ ಮಾಡೋಕೆ ನನ್ನ ಕೈಲಾಗಲ್ಲ." ಇಷ್ಟು ಹೇಳಿ ಕುಳಿತರು.

ಇದೂ ಒಂದು ಭಾಷಣವೇ ಎಂದು ವೆಂಕಟಗಿರಿಯವರಿಗೆ ನಗು ಬಂತು. ಅವರು ನಾಲ್ಕು ಪುಟ ಬರೆದು ತಂದಿದ್ದರು. ಗಂಟಲು ಸರಿಪಡಿಸಿಕೊಂಡು ಓದಿದರು. ಕಾವೇರಿ ನೀರು ತರಿಸುತ್ತೇನೆ, ಚರಂಡಿಗೆ ಕಲ್ಲು ಹಾಸಿಸುತ್ತೇನೆ. ಸಭೆ ತಲೆದೂಗಿತು. ಮೂರನೇ ಪುಟಕ್ಕೆ ಬರುವ ಹೊತ್ತಿಗೆ ಅವರಿಗೆ ಆವೇಶ ಬಂದಿತ್ತು. "ಅಧ್ಯಕ್ಷನಾದ ಮೇಲೆ ನನ್ನ ಒಂದೊಂದು ಭಾನುವಾರವನ್ನೂ ಈ ಬಡಾವಣೆಗೆ ಧಾರೆ ಎರೆಯುತ್ತೇನೆ! ಬೆಳಿಗ್ಗೆಯಿಂದ ಸಂಜೆಯವರೆಗೆ ಮನೆಮನೆಗೆ ಬಂದು ದೂರು ಕೇಳುತ್ತೇನೆ. ಗಾಡಿಯಲ್ಲಿ ಅಲ್ಲ, ಕಾಲ್ನಡಿಗೆಯಲ್ಲಿ! ಭಾನುವಾರ ನನ್ನ ಗಾಡಿ ಮನೆಯ ಮುಂದಿನಿಂದ ಅಲುಗುವುದಿಲ್ಲ!"

ತೂಗುತ್ತಿದ್ದ ತಲೆಗಳು ತಟಕ್ಕನೆ ನಿಂತವು. ಬಸಪ್ಪ ಅಕ್ಕಯ್ಯಮ್ಮನ ಮುಖ ನೋಡಿದರು, ಅಕ್ಕಯ್ಯಮ್ಮ ತನ್ನ ದೊಡ್ಡ ಮಗನ ಮುಖ ನೋಡಿದಳು, ಹಿಂದಿನ ಸಾಲಿನಲ್ಲಿ ಒಂದು ಪಿಸುಮಾತು ಬೆಂಕಿಯಂತೆ ಓಡಿತು. ಜನ ಭಾವುಕರಾಗಿಬಿಟ್ಟರು ಎಂದು ವೆಂಕಟಗಿರಿಯವರಿಗೆ ಕಣ್ಣು ತುಂಬಿ ಬಂತು. ನಾಲ್ಕನೇ ಪುಟ ಓದಲಾಗದೆ ಕೈ ಮುಗಿದು ಕುಳಿತರು. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಅಂದರೆ ಇದೇ, ಆದರೆ ಕೊಟ್ಟವನಿಗೆ ಅದು ಕೋಲೆಂದು ತಿಳಿಯಬೇಕಲ್ಲ!

ಚೀಟಿಗಳನ್ನು ಪುಳಿಯೋಗರೆಯ ಕೊಳಗದಲ್ಲಿ ಹಾಕಿಸಿ ಅರ್ಚಕರೇ ಎಣಿಸಿದರು. ಜಗನ್ನಾಥ್‌ಗೆ ನೂರಾ ಮೂವತ್ತೊಂದು. ವೆಂಕಟಗಿರಿಯವರಿಗೆ ಎರಡು.

ಎರಡು! ಕಪಾಟುಗಳು, ಮಂಚಗಳು, ಹಸು, ಗಣಪತಿ ಎಲ್ಲ ವೆಂಕಟಗಿರಿಯವರ ಕಣ್ಣ ಮುಂದೆ ಸಾಲಾಗಿ ಹಾದುಹೋದವು. ಎರಡರಲ್ಲಿ ಒಂದು ತಮ್ಮದು, ಇನ್ನೊಂದು ಕೈ ಹಿಡಿದವಳದು ಎಂದು ಗದ್ಗದರಾಗಿ ಯಶೋದಮ್ಮನ ಹತ್ತಿರ ಹೋದರು.

"ನೀನೊಬ್ಳಾದ್ರೂ ನನ್ನ ಕೈ ಬಿಡ್ಲಿಲ್ಲ ಕಣೇ."

"ನಾನೂ ಮೇಷ್ಟ್ರಿಗೇ ಹಾಕಿದ್ದು ಕಣ್ರೀ" ಎಂದರು ಯಶೋದಮ್ಮ, ಮುಚ್ಚುಮರೆಯಿಲ್ಲದೆ. "ಈಗ ಗಾಡಿ ಬೇಕಾದೋರು ಮಾತ್ರ ನಮ್ಮನೆ ಬಾಗ್ಲು ತಟ್ತಾರೆ. ನೀವು ಅಧ್ಯಕ್ಷರಾದ್ರೆ ಚರಂಡಿ ಕಟ್ಕೊಂಡೋರು, ನಾಯಿ ಕಚ್ಚಿಸ್ಕೊಂಡೋರು ಎಲ್ಲಾ ಬರ್ತಾರೆ. ಕಾಫಿ ಕಾಯ್ಸೋಳು ನಾನು ತಾನೇ?"

"ಹಂಗಾದ್ರೆ ಆ ಇನ್ನೊಂದು ವೋಟು?"

ಪಕ್ಕದಲ್ಲೇ ನಿಂತಿದ್ದ ಜಗನ್ನಾಥ್ ಕೆಮ್ಮಿದರು. "ನಂದು ಸಾರ್. ತನಗೆ ತಾನೇ ವೋಟು ಹಾಕ್ಕೊಳ್ಳೋದು ಚೆನ್ನಾಗಿರಲ್ಲ, ಅಲ್ವಾ?"

ಸೋತ ಮನುಷ್ಯನನ್ನು ಸಮಾಧಾನ ಮಾಡಲು ಜನ ಸುತ್ತುವರಿದರು. ಯಾರ ಮುಖದಲ್ಲೂ ಕಪಟವಿರಲಿಲ್ಲ. ಅದೇ ವೆಂಕಟಗಿರಿಯವರಿಗೆ ಹೆಚ್ಚು ಉರಿ ತಂದದ್ದು.

"ತಪ್ಪ ತಿಳೀಬ್ಯಾಡ್ರಿ ಸರ" ಎಂದರು ಬಸಪ್ಪ. "ಅಧ್ಯಕ್ಷ ಯಾರರೇ ಆಗ್ತಾರ್ರೀ. ಗಾಡಿ 'ಹೂಂ' ಅಂತ ತರೋರು ನೀವೊಬ್ರ. ನಿಮ್ಮನ್ನ ಕುರ್ಚಿ ಮ್ಯಾಲ ಕುಂದ್ರಿಸಿ ನಾವೇನ್ ಮಾಡೂದೈತ್ರಿ?"

"ದೊಡ್ಡ ಮನುಷ್ಯ ಆದ್ಮೇಲೆ ಹಸೂನ ಯಾಕ್ ಹತ್ತುಸ್ಕೊಂತೀಯ, ಹೇಳು?" ಎಂದಳು ಅಕ್ಕಯ್ಯಮ್ಮ.

ಮರುದಿನ ಬೆಳಿಗ್ಗೆ ಗಾಡಿಯ ಗಾಜಿನ ಮೇಲೆ ಒಂದು ಕಾಗದ ಅಂಟಿತ್ತು: ಮಾರಾಟಕ್ಕಿದೆ. ವೆಂಕಟಗಿರಿಯವರು ಜೀವಮಾನದಲ್ಲಿ ಮೊದಲ ಸಲ ಕೋಪವನ್ನು ಕಾರ್ಯರೂಪಕ್ಕೆ ಇಳಿಸಿದ್ದರು. ಇನ್ನು ಈ ಜನರ ಒಂದು ಚಮಚವನ್ನೂ ಸಾಗಿಸುವುದಿಲ್ಲ, ಪುಟ್ಟ ಕಾರು ಕೊಂಡು ಬಸ್ಸಿನ ಟೈರು ನೋಡಿಕೊಂಡೇ ಓಡಾಡುತ್ತೇನೆ ಎಂದು ದೇವರ ಮುಂದೆ ಹೇಳಿಬಿಟ್ಟರು.

ಕೆಂಗೇರಿ ಕಡೆಯ ತರಕಾರಿ ವ್ಯಾಪಾರಿಯೊಬ್ಬ ಗುರುವಾರ ಸಂಜೆ ಗಾಡಿ ನೋಡಲು ಬಂದ. ಬಾನೆಟ್ ಎತ್ತಿ ಬಗ್ಗಿ ತಲೆಯೆತ್ತುವಷ್ಟರಲ್ಲಿ ಸುತ್ತ ಇಪ್ಪತ್ತು ಜನ ನಿಂತಿದ್ದರು.

"ನಲವತ್ತ ವರ್ಷ ಸ್ಟೀರಿಂಗ್ ಹಿಡಿದೀನ್ರಿ ನಾನು. ಇದರ ಸಪ್ಪಳ ಬರೋಬ್ಬರಿ ಇಲ್ಲ" ಎಂದರು ಬಸಪ್ಪ.

"ಹಿಂದ್ಗಡೆ ಪೂರ್ತಿ ತುಕ್ಕು ಅಂಕಲ್. ಗಣೇಶನ ಟೈಮಲ್ಲಿ ನಾವ್ ಕುಣಿದು ಕುಣಿದು ಬೆಂಡ್ ಆಗಿದೆ" ಎಂದ ಒಬ್ಬ ಹುಡುಗ.

ಅಕ್ಕಯ್ಯಮ್ಮ ವ್ಯಾಪಾರಿಯ ಕಿವಿಯ ಹತ್ತಿರ ಬಂದಳು. "ನಮ್ ಹಸು ಹತ್ತುದ್ರೆ ಇಳಿಯಾಕಿಲ್ಲ ಅಂತದೆ ಕಣಪ್ಪ. ಅದ್ರಾಗೆ ಏನೋ ಐತೆ. ಮೂಕಪ್ರಾಣೀಗೆ ಗೊತ್ತಾಯ್ತದೆ."

ವ್ಯಾಪಾರಿ ಬಾನೆಟ್ ಮುಚ್ಚುವುದನ್ನೂ ಮರೆತು ಬೈಕ್ ಹತ್ತಿದ. ವೆಂಕಟಗಿರಿಯವರು ಅಳುವುದೊಂದು ಬಾಕಿ.

ಆಗ ಕೊಡೆ ಊರಿಕೊಂಡು ಜಗನ್ನಾಥ್ ಬಂದರು. ಅವರ ಕೈಯಲ್ಲಿ ಸಂಘದ ನಡಾವಳಿ ಪುಸ್ತಕವಿತ್ತು. ಮೂವತ್ತು ವರ್ಷ ಮಕ್ಕಳನ್ನು ಪಳಗಿಸಿದ ಮೇಷ್ಟ್ರಿಗೆ ಒಬ್ಬ ಸೂಪರಿಂಟೆಂಡೆಂಟ್ ಯಾವ ಲೆಕ್ಕ?

"ಸಾರ್, ನಿನ್ನೆ ತುರ್ತು ಸಭೆ ಸೇರಿದ್ವಿ. ಸಂಘದಲ್ಲಿ ಒಂದು ಹೊಸ ಹುದ್ದೆ ಸೃಷ್ಟಿ ಮಾಡಿದೀವಿ, ಸಾರಿಗೆ ಕಾರ್ಯದರ್ಶಿ. ಒಂಬತ್ತು ವರ್ಷದಲ್ಲಿ ಈ ಸಂಘ ಯಾವ ವಿಷಯಕ್ಕೂ ಒಮ್ಮತಕ್ಕೆ ಬಂದಿದ್ದಿಲ್ಲ. ನಿಮ್ಮ ಹೆಸರಿಗೆ ಬಂತು. ನೂರಾ ಮೂವತ್ಮೂರಕ್ಕೆ ನೂರಾ ಮೂವತ್ಮೂರು."

ವೆಂಕಟಗಿರಿಯವರ ಕೋಪ ಬಾಗಿಲವರೆಗೆ ಹೋಗಿ ನಿಂತಿತು. "ನೂರಾ ಮೂವತ್ಮೂರಾ? ನಾನೇ ಸಭೆಗೆ ಬಂದಿರ್ಲಿಲ್ವಲ್ಲ?"

"ನಿಮ್ಮ ಪರವಾಗಿ ಯಜಮಾನ್ತಿಯವರು ಕೈ ಎತ್ತಿದ್ರು."

"ಲೆಟರ್‌ಹೆಡ್ ಇರುತ್ತಾ?"

"ಅಚ್ಚಿಗೆ ಹೋಗಿದೆ. ಸೀಲೂ ಮಾಡಿಸ್ತಾ ಇದೀವಿ, ದುಂಡಗಿನದು."

ದುಂಡಗಿನ ಸೀಲಿಗೆ ಮರುಳಾಗದ ಸರ್ಕಾರಿ ನೌಕರ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಜಗನ್ನಾಥ್ ಒಂದು ಸೇವಂತಿಗೆ ಹಾರ ತೆಗೆದು, ಆರಡಿಯ ಮನುಷ್ಯ ಬಗ್ಗಿ, ಅವರ ಕೊರಳಿಗೆ ಹಾಕಿದರು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ವೆಂಕಟಗಿರಿಯವರಿಗೆ ನಿಜವಾಗಿಯೂ ಎದೆ ತುಂಬಿತು. ಅದನ್ನು ಯಾರೂ ತಮಾಷೆ ಮಾಡಬಾರದು. ಅವರೇ ಹೋಗಿ ಗಾಜಿನ ಮೇಲಿನ ಕಾಗದ ಕಿತ್ತರು.

ಹುದ್ದೆ ಸಿಕ್ಕ ಮೇಲೆ ಬಾಗಿಲು ತಟ್ಟಿದವರಿಗೆಲ್ಲ ಗಾಡಿ ಕೊಡುವುದು ಆಡಳಿತವಾಗುವುದಿಲ್ಲ. ವೆಂಕಟಗಿರಿಯವರು ನಿಯಮಾವಳಿ ಬರೆದರು. ಹಿಂದಿನ ದಿನ ಸಂಜೆ ಆರರೊಳಗೆ ಲಿಖಿತ ಅರ್ಜಿ, ಸಾಗಿಸುವ ವಸ್ತುವಿನ ವಿವರ, ತುರ್ತಿನ ಕಾರಣ. ಬಂಧು ಬಳಗವೆಂದು ಯಾರಿಗೂ ರಿಯಾಯಿತಿ ಇಲ್ಲ. ತಾವು ಆಫೀಸಿಗೆ ಹೋದ ಹೊತ್ತಿನಲ್ಲಿ ಗಾಡಿ ಓಡಿಸಲು ಬಸಪ್ಪನವರನ್ನು ನೇಮಿಸಿದರು. ಜನ ಗೊಣಗದೆ ಅರ್ಜಿ ಬರೆದರು. ಯಶೋದಮ್ಮನೂ ಕೆಂಗೇರಿಯ ಅಕ್ಕನ ಮನೆಗೆ ಅರ್ಜಿ ಹಾಕಿದರು. 'ವಸ್ತುವಿನ ವಿವರ' ಎಂಬಲ್ಲಿ ಏನೂ ಬರೆದಿಲ್ಲವೆಂಬ ಕಾರಣಕ್ಕೆ ಅದು ವಾಪಸು ಬಂತು. ಆ ರಾತ್ರಿ ಅವರ ಮನೆಯಲ್ಲಿ ಸಾರಿಗೆ ಉಪ್ಪು ಬಿದ್ದಿರಲಿಲ್ಲ.

ಬುಧವಾರದ ಗಾಡಿಗೆ ಮೂರು ಅರ್ಜಿ ಬಂದಿದ್ದವು. ಒಂದು, ವಾಷಿಂಗ್ ಮೆಷಿನ್ ರಿಪೇರಿಗೆ. ಇನ್ನೊಂದು, ಚರಂಡಿಯ ಕಲ್ಲುಗಳ ಮಾದರಿ ತೋರಿಸಲು ಅಧ್ಯಕ್ಷರು ಕಾರ್ಪೊರೇಷನ್ ಕಚೇರಿಗೆ ಹೋಗುವುದಕ್ಕೆ. ಮೂರನೆಯದು ವೆಂಕಟಗಿರಿಯವರದೇ, ಆಫೀಸಿಗೆ ಹೋಗುವುದಕ್ಕೆ. ಅವರು ಕನ್ನಡಕ ಏರಿಸಿಕೊಂಡು ಮೂರನ್ನೂ ಪಕ್ಷಪಾತವಿಲ್ಲದೆ ಓದಿದರು. ಮೊದಲ ಎರಡರ ಮೇಲೆ 'ಮಂಜೂರು' ಎಂದು ಸೀಲು ಒತ್ತಿದರು. ಮೂರನೆಯದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಪೆನ್ನಿನ ಮುಚ್ಚಳ ತೆಗೆದು, 'ಅರ್ಜಿದಾರರಿಗೆ ಬಸ್ಸಿನ ಸೌಲಭ್ಯವಿರುವುದರಿಂದ ಕೋರಿಕೆಯನ್ನು ತಿರಸ್ಕರಿಸಲಾಗಿದೆ' ಎಂದು ಬರೆದು ಸಹಿ ಹಾಕಿದರು.

ಬುಧವಾರ ಬೆಳಿಗ್ಗೆ ಬಸ್ಸು ತುಂಬಿ ತುಳುಕುತ್ತಿತ್ತು. ಮೇಲಿನ ಕಂಬಿ ಎಟುಕದ ವೆಂಕಟಗಿರಿಯವರು ಸೀಟಿನ ಹಿಡಿಕೆ ಹಿಡಿದು, ಯಾರದೋ ಮೊಣಕೈಯ ಕೆಳಗಿನಿಂದ ಹೊರಗೆ ನೋಡುತ್ತಿದ್ದರು. ಸಿಗ್ನಲ್ಲಿನಲ್ಲಿ ಒಂದು ಬೆಳ್ಳನೆಯ ಪಿಕಪ್ಪು ಬಸ್ಸಿನ ಪಕ್ಕಕ್ಕೆ ಬಂದು ನಿಂತಿತು. ಬಸಪ್ಪ ಓಡಿಸುತ್ತಿದ್ದರು, ಪಕ್ಕದಲ್ಲಿ ಜಗನ್ನಾಥ್ ಕಾಲು ಚಾಚಿ ಪೇಪರ್ ಓದುತ್ತಿದ್ದರು, ಹಿಂದೆ ವಾಷಿಂಗ್ ಮೆಷಿನ್ನಿಗೆ ಆತುಕೊಂಡು ಚರಂಡಿ ಕಲ್ಲುಗಳು ಕುಳಿತಿದ್ದವು. ಸಿಗ್ನಲ್ ಬಿಟ್ಟಿತು. ಪಿಕಪ್ಪು ಬಸ್ಸನ್ನು ಹಿಂದೆ ಹಾಕಿ ಹೋಯಿತು.

ವೆಂಕಟಗಿರಿಯವರು ಪಕ್ಕದಲ್ಲಿ ನಿಂತಿದ್ದವನ ತೋಳು ತಟ್ಟಿದರು.

"ನೋಡಿದ್ರಾ?" ಅಂದರು, ಆದಷ್ಟು ನೆಟ್ಟಗೆ ನಿಂತು. "ಆ ಗಾಡಿ ನಮ್ಮ ಇಲಾಖೆದು."